ತ್ರಾಕಿಯ ದಿಂಬಿನಡಿಯ ಕಾಗದ

ಜೆರ್ಬಾ ದ್ವೀಪದ ನಮ್ಮ ಯಹೂದಿ ಕೇರಿಯಲ್ಲಿ ಆಡುವುದು ಅರಬ್ಬಿ, ಅದನ್ನು ಬರೆಯುವುದು ಮಾತ್ರ ಹೀಬ್ರೂ ಅಕ್ಷರದಲ್ಲಿ. ಪಕ್ಕದ ಮನೆಯ ತ್ರಾಕಿಗೆ ಓದಲು ಬಾರದು. ಆ ಅಕ್ಷರವಿದ್ದದ್ದೆಲ್ಲ ಅವಳಿಗೆ ದೇವರ ಮಾತು. ದೇವರ ಹೆಸರಿರುವ ಹಾಳೆಯನ್ನು ನಾವು ಎಸೆಯುವುದಿಲ್ಲ, ಪ್ರಾರ್ಥನಾಮಂದಿರದ ಪೆಟ್ಟಿಗೆಯಲ್ಲಿ ಕೂಡಿಟ್ಟು ಸ್ಮಶಾನದಲ್ಲಿ ಹೂಳುತ್ತೇವೆ. ತ್ರಾಕಿ ಬೀದಿಯಲ್ಲಿ ಬಿದ್ದ ಚೀಟಿಗೂ ಮುತ್ತಿಟ್ಟು ಆ ಪೆಟ್ಟಿಗೆಗೆ ಹಾಕುವಳು.

“ಚಿಕ್ಕಮ್ಮಾ, ಅದು ನನ್ನ ಕಡ್ಲೆಕಾಳಿನ ಲೆಕ್ಕದ ಚೀಟಿ!”

“ಸಾಕು ಸುಮ್ನಿರೇ. ಅಕ್ಷರ ಅಂದ್ರೆ ಅಕ್ಷರ.”

ಗಂಡ ಹ್ವಾತೊ ಸಾಯುವ ವಾರ ಒಂದು ಕಾಗದ ಬರೆದು ಅವಳ ಕೈಗಿತ್ತಿದ್ದ. ಆಶೀರ್ವಾದವೆಂದೇ ನಂಬಿ, ಯಾರಿಂದಲೂ ಓದಿಸದೆ, ಹನ್ನೊಂದು ವರ್ಷ ದಿಂಬಿನಡಿ ಇಟ್ಟುಕೊಂಡಿದ್ದಳು. ಪೆಸಹ ಹಬ್ಬಕ್ಕೆ ಅವಳ ಮನೆ ತೊಳೆಯಲು ಹೋದ ನಾನು, ಹಾಸಿಗೆ ಕೊಡವಿದಾಗ ಬಿದ್ದ ಅದನ್ನು ಬಿಡಿಸಿಯೂ ನೋಡದೆ, ಹರಿದ ಪುಸ್ತಕಗಳ ಜೊತೆ ಪೆಟ್ಟಿಗೆಗೆ ಹಾಕಿಬಂದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮರುದಿನವೇ ಹೂಳುವುದಿತ್ತು. ವಿಷಯ ತಿಳಿದದ್ದೇ ತ್ರಾಕಿ ನನ್ನನ್ನು ಎಳೆದುಕೊಂಡು ಪ್ರಾರ್ಥನಾಮಂದಿರಕ್ಕೆ ಓಡಿದಳು.

ನಮ್ಮ ಗುರು ರೆಬ್ಬಿ ಸಾಸಿ ತಲೆ ಕೆರೆದುಕೊಂಡರು. “ದೇವರ ಹೆಸರಿದ್ರೆ ವಾಪಸ್ ಕೊಡೋ ಹಾಗಿಲ್ಲ, ತ್ರಾಕಿ ಅಕ್ಕ. ಓದ್ದೆ ಹೇಗೆ ಗೊತ್ತಾಗ್ಬೇಕು? ನಿನ್ನ ಗಂಡ ನಿಂಗೆ ಬರೆದದ್ದನ್ನ ನಾನು ಓದೋದೂ ಸರಿಯಲ್ಲ.”

ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಕೊನೆಗೆ ಅವಳೇ ಪೆಟ್ಟಿಗೆ ಸುರಿದು, ಮೂಲೆಯಲ್ಲಿ ಎಣ್ಣೆಕಲೆಯಿದ್ದ ಕಾಗದವನ್ನು ಹೆಕ್ಕಿ ಕೊಟ್ಟಳು. “ಓದಿ.”

ರೆಬ್ಬಿ ನಮ್ಮ ಮನೆಮಾತಿನಲ್ಲೇ ಇದ್ದದ್ದನ್ನು ಓದಿದರು: “ಉಗ್ರಾಣದ ಬೀಗದ ಕೈ ದೀಪದ ಹಿಂದಿದೆ. ತ್ರಾಕಿಗೆ ಎಡಮಂಡಿ ನೋವು, ಬಾಯಿಬಿಟ್ಟು ಹೇಳಲ್ಲ. ಯಾರಾದ್ರೂ ಇದನ್ನ ಅವಳಿಗೆ ಓದಿ ಹೇಳ್ತೀರಲ್ಲ, ಬಿಸಿ ಎಣ್ಣೆ ಹಚ್ಚಿಕೊಡಿ.”

“ಆಮೇಲೆ?”

“ಅಷ್ಟೇ ಅಕ್ಕ. ದೇವರ ಹೆಸರು ಎಲ್ಲೂ ಇಲ್ಲ.”

“ಪವಿತ್ರ ಅಲ್ವಾ ಇದು?” ಅವಳ ಮುಖ ಸಪ್ಪಗಾಯಿತು. ಹನ್ನೊಂದು ವರ್ಷ! ನನಗೆ ಅಳುವೇ ಬಂತು.

“ಅಲ್ಲ ಅಂದ್ರೆ ತಾನೇ ನಿಂಗೆ ವಾಪಸ್ ಸಿಗೋದು?” ಎಂದರು ರೆಬ್ಬಿ.

ತ್ರಾಕಿ ಪೆಟ್ಟಿಗೆಯನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿದಳು. “ಹಾಗಾದ್ರೆ ಅಲ್ಲ ಅಂತಾನೇ ಇರ್ಲಿ,” ಎಂದು ಕೈಚಾಚಿದಳು.

ಕೊಡುವ ಮುನ್ನ ರೆಬ್ಬಿ ಅದಕ್ಕೆ ಮುತ್ತಿಟ್ಟರು.