ಗಂಗವ್ವನ ಉಡಿ

ಹರ್ತಿಯ ನಮ್ಮ ನೆರೆಮನೆಯ ದೊಡ್ಡವ್ವ ಮಾತಿಗೊಮ್ಮೆ “ಹೊಂಟ ಮ್ಯಾಲೆ ಹೊಳ್ಳಬಾರದು” ಅನ್ನುತ್ತಿದ್ದಳು. ಏಕೀಕರಣವಾದ ವರ್ಷ ಎರಡೂ ಮನೆಯವರು ಹಳೆಯ ಮೈಸೂರಿನ ಕಡೆಯ ದಟ್ಟ ಕಾಡಿನೊಳಗಿನ ಜಲಪಾತ ನೋಡಲು ಹೊರಟಾಗ, ಆಕೆ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಕಟ್ಟಿಕೊಂಡಳು.

“ನಾಡು ಒಂದಾತು, ಅಲ್ಲೀ ನೀರಿನ ಗಂಗವ್ವ ಈಗ ನಮ್ಮ ಮನಿ ಮಗಳಾದ್ಲು. ಉಡಿ ತುಂಬಬೇಕು.”

ಅಲ್ಲಿ ನೋಡಿದರೆ ಇಳಿಜಾರೆಲ್ಲ ಪಾಚಿ, ಕಾಲಿಗೆ ಜಿಗಣೆ. “ಇಲ್ಲಿಂದನ ಒಗದುಬಿಡು,” ಎಂದ ಅವಳ ಗಂಡ.

“ಮಗಳ ಉಡಿ ಯಾರರ ದೂರದಿಂದ ಒಗೀತಾರೇನ್ರಿ?” ಎಂದವಳೇ ಕಚ್ಚೆ ಕಟ್ಟಿ, ಬೇರು ಹಿಡಿದು ಇಳಿದೇಬಿಟ್ಟಳು. ನೀರು ಧುಮುಕುವಲ್ಲಿ ಎಲ್ಲವನ್ನೂ ಕೈಯಾರೆ ಇಟ್ಟು ಕೈಮುಗಿದಳು.

ಮೇಲೆ ಬಂದಾಗ ಕಾಲಲ್ಲಿ ರಕ್ತ, ಸೆರಗಿನ ತುಂಬ ನೀರು. “ಮೊದಲ ಸೆರಗು ಹಿಂಡು, ಥಂಡಿ ಹತ್ತತೈತಿ,” ಎಂದ ಗಂಡ.

ದೊಡ್ಡವ್ವ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

“ಮಗಳು ತುಂಬಿದ ಉಡಿ ಐತ್ರಿ ಇದು. ಹ್ಯಾಂಗ ಹಿಂಡ್ಲಿ?”