ನಿಂತು ಹುಕುಂ ಕೊಡುವ ಪರೀಕ್ಷೆ

ಪೀಣ್ಯದ ಕಡೆಯ ನಮ್ಮ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಆ ಬೆಳಿಗ್ಗೆ ಪರೀಕ್ಷೆ ಮಾಡಲು ಬಂದ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ನಮ್ಮ ಠಾಣಾಧಿಕಾರಿ. ನೀರಿನ ಗಾಡಿಯ ಮುಂದೆ ನಾನು, ನನ್ನೆದುರು ಸಾಲಾಗಿ ನಮ್ಮ ಹುಡುಗರು. ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೊರಟಿದ್ದ ಹೆಂಗಸರೂ ಗೇಟಿನಾಚೆ ಒಂದು ಗಳಿಗೆ ನಿಂತರು. ಯಾಕೆ ನಿಂತರೋ ಕಾಣೆ, ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ನನಗೆ ಲೀಡಿಂಗ್ ಫೈರ್‌ಮನ್ ಆಗುವ ಆಸೆ. ಸರ್ವಿಸ್ ಎಷ್ಟೇ ಆಗಿರಲಿ, ಡ್ರಿಲ್ ಪರೀಕ್ಷೆ ಪಾಸಾಗದೆ ಬಡ್ತಿಯಿಲ್ಲ. ಅದರಲ್ಲಿ ಪರೀಕ್ಷೆಗೆ ನಿಂತವರು ನೀರಿನ ಹೋಸ್ ಪೈಪು ಮುಟ್ಟುವಂತಿಲ್ಲ. ನಿಂತಲ್ಲೇ ನಿಂತು ಹುಕುಂ ಕೊಡಬೇಕು, ಉಳಿದವರು ಓಡಬೇಕು. ನಾನು ಫೇಲಾದರೆ, ಹೋಸ್ ಸುತ್ತುವುದನ್ನು ನನ್ನಿಂದಲೇ ಕಲಿತ ಕಿರಿಯನೊಬ್ಬ ನನ್ನ ಮೇಲಕ್ಕೆ ಹೋಗುತ್ತಿದ್ದ. ಅವನ ಪರೀಕ್ಷೆಯೂ ಅವತ್ತೇ.

ಮನೆಯವಳು ಹಿಂದಿನ ದಿನವೇ ಹೇಳಿದ್ದಳು: “ಒಂದ್ ಲೋಟ ನೀರು ಕೊಡು ಅನ್ನೋಕೇ ನಿಮಗೆ ಬಾಯಿ ಬರಲ್ಲ. ಎದ್ದು ಹೋಗಿ ಕುಡ್ದು, ನಂಗೂ ತಂದ್ಕೊಡ್ತೀರ. ಅಲ್ಲಿ ಯಾರಿಗ್ರೀ ಆರ್ಡರ್ ಮಾಡ್ತೀರ?”

ನಾನು ಮೀಸೆ ತಿರುವುತ್ತಾ ಎದ್ದು ಹೋಗಿ ಅವಳಿಗೂ ಒಂದು ಲೋಟ ನೀರು ತಂದುಕೊಟ್ಟಿದ್ದೆ.

“ಎದುರಿನ ಶೆಡ್ಡಿಗೆ ಬೆಂಕಿ ಬಿದ್ದಿದೆ ಅಂದ್ಕೊಳ್ಳಿ. ಹೂಂ, ಶುರು ಮಾಡಿ,” ಅಂದರು ಸಾಹೇಬರು.

ಬೆಂಕಿ ಅನ್ನುವ ಮಾತು ಕಿವಿಗೆ ಬಿದ್ದದ್ದಷ್ಟೇ ಗೊತ್ತು. ಬಾಯಿ ತೆರೆಯುವ ಮೊದಲೇ ಕಾಲು ಹೊರಟಿತ್ತು. ಹೋಸ್ ಹೆಗಲಿಗೇರಿಸಿ ಓಡಿದೆ, ಬಿಚ್ಚಿ ಹಾಸಿದೆ, ಗಾಡಿಗೆ ಜೋಡಿಸಿದೆ, ಇನ್ನೊಂದು ತುದಿಯ ನಳಿಕೆ ಹಿಡಿದು ಶೆಡ್ಡಿಗೆ ಗುರಿಯಿಟ್ಟು ನಿಂತೆ. ಏದುಸಿರು ಬಿಡುತ್ತಾ ಹಿಂತಿರುಗಿ ನೋಡಿದರೆ ಹುಡುಗರೆಲ್ಲ ನನ್ನ ಹುಕುಮಿಗೆ ಕಾಯುತ್ತಾ ಅಟೆನ್ಷನ್‌ನಲ್ಲೇ ಇದ್ದಾರೆ. ಗೇಟಿನಾಚೆಯವರಿಗೆ ನಗು ತಡೆಯಲಾಗುತ್ತಿಲ್ಲ.

“ಫೈರ್‌ಮನ್ ಪರೀಕ್ಷೆಯಾಗಿದ್ರೆ ಫಸ್ಟ್ ಕ್ಲಾಸ್ ಕಣ್ರೀ,” ಅಂದರು ಸಾಹೇಬರು. “ಆದ್ರೆ ಅದನ್ನ ನೀವು ಯಾವಾಗ್ಲೋ ಪಾಸ್ ಮಾಡಿದ್ದೀರಲ್ಲ.”

ನನ್ನ ನಂತರ ಕಿರಿಯನ ಸರದಿ. ಅವನು ಗೂಟದ ಹಾಗೆ ನಿಂತು ಕೂಗಿದ. ಅವನ ತಂಡದಲ್ಲಿ ಹೋಸ್ ಹೊತ್ತು ಓಡಿದವನು ನಾನೇ. ತಂಡ ಬಲು ಚುರುಕಾಗಿದೆ ಅಂತ ಸಾಹೇಬರು ಹೊಗಳಿ ಅವನನ್ನು ಪಾಸು ಮಾಡಿದರು.

“ಬೇಜಾರಾ ಅಣ್ಣ?” ಅಂತ ಆಮೇಲೆ ಮೆಲ್ಲಗೆ ಕೇಳಿದ.

“ಇಲ್ಲಪ್ಪ, ಇನ್ಮೇಲೆ ನಿನ್ನ ಸಾರ್ ಅನ್ಬೇಕಲ್ಲ, ನಾಲಿಗೆ ಹೊರಳಿಸಿ ನೋಡ್ತಿದೀನಿ.”

ಅವನ ತೋಳಿಗೆ ಲೀಡಿಂಗ್ ಫೈರ್‌ಮನ್ ಪಟ್ಟಿ ಬಂತು. ಬಂದ ಮೇಲೂ ಅಣ್ಣ ಅನ್ನುವುದನ್ನು ಬಿಡಲಿಲ್ಲ. ದಿನಾ ಸಂಜೆ ಡ್ಯೂಟಿ ಮುಗಿದ ಮೇಲೆ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, “ಕೈ ಹಿಂದಕ್ಕೆ ಕಟ್ಕೊಳ್ಳಿ ಅಣ್ಣ. ಈಗ ನಂಗೆ ಆರ್ಡರ್ ಮಾಡಿ,” ಅನ್ನುತ್ತಿದ್ದ. ನಾನು ಕೂಗುತ್ತಿದ್ದೆ, ಪಟ್ಟಿ ಹಾಕಿಕೊಂಡೇ ಅವನು ಹೋಸ್ ಹೊತ್ತು ಓಡುತ್ತಿದ್ದ.

ಮುಂದಿನ ಪರೀಕ್ಷೆಯಲ್ಲಿ ನಾನು ಪಾಸಾದೆ. ಬಡ್ತಿಯ ಜೊತೆಗೇ ಚಂದಾಪುರದ ಕಡೆಗೆ ವರ್ಗವಾಯಿತು. ಹೊರಡುವ ದಿನ ನನ್ನ ಟ್ರಂಕನ್ನು ಬಸ್ ಸ್ಟಾಪಿನವರೆಗೆ ಅವನೇ ಹೊತ್ತು ತಂದ.