ಮರಿ ಬಿಡುವ ಹೊತ್ತು

ನಮ್ಮ ಹಟ್ಟಿಯಲ್ಲಿ ಸಂಜೆಗೊಂದು ಗದ್ದಲವಿದೆ. ಮೇಯಲು ಹೋದ ಕುರಿಗಳು ಮರಳುವ ಹೊತ್ತಿಗೆ, ಹಗಲೆಲ್ಲ ರೊಪ್ಪದಲ್ಲೇ ಉಳಿದಿದ್ದ ಎಳೆಮರಿಗಳನ್ನು ಅವ್ವ ಬಿಡುತ್ತಾಳೆ. ತಾಯಿಗಳೂ ಮರಿಗಳೂ ಒಟ್ಟಿಗೆ ಅರಚುತ್ತವೆ. ನಮಗೆ ಎಲ್ಲ ದನಿಯೂ ಒಂದೇ. ಮರಿ ಮಾತ್ರ ತನ್ನ ತಾಯಿಯ ದನಿ ಹಿಡಿದು ಓಡುತ್ತದೆ, ತಾಯಿ ಮೂಸಿ ನೋಡಿ ಮೊಲೆ ಕೊಡುತ್ತದೆ. ಬೇರೆ ಮರಿ ಬಂದರೆ ಒದ್ದು ಓಡಿಸುತ್ತದೆ.

ಸರಿಯಾಗಿ ಅದೇ ಹೊತ್ತಿಗೆ ಬೇಲಿಯಾಚೆ ಜೆಟ್ ಎಂಜಿನ್ ಶುರುವಾಗುತ್ತದೆ. ಒಂದು ಕಾಲಕ್ಕೆ ನಮ್ಮ ಕುರಿಗಳೇ ಮೇಯುತ್ತಿದ್ದ ಕಾವಲು ಅದು. ಈಗ ಸರ್ಕಾರ ಅದಕ್ಕೆ ಬೇಲಿ ಹಾಕಿದೆ, ಅಲ್ಲಿ ವಿಮಾನವನ್ನು ನೆಲದ ಮೇಲೆ ನಿಲ್ಲಿಸಿಕೊಂಡೇ ಎಂಜಿನ್ ಓಡಿಸಿ ಪರೀಕ್ಷೆ ಮಾಡುತ್ತಾರೆ. ಅರ್ಧ ಗಂಟೆ. ಅಷ್ಟು ಹೊತ್ತೂ ತಾಯಿಗಳು ಬಾಯಿ ತೆರೆಯುವುದು ಕಾಣುತ್ತದೆ, ದನಿ ಕೇಳುವುದಿಲ್ಲ. ಮರಿಗಳು ಕಂಡಕಂಡ ಹೊಟ್ಟೆಯಡಿ ನುಗ್ಗಿ ಒದೆ ತಿನ್ನುತ್ತವೆ. ಸದ್ದು ನಿಲ್ಲುವಷ್ಟರಲ್ಲಿ ಬೆದರಿದ ಕುರಿಗಳು ಒಂದು ಮೂಲೆಗೆ ಒತ್ತಿಕೊಂಡಿರುತ್ತವೆ, ಹಾಲು ಬಿಡುವುದಿಲ್ಲ. ಕಳೆದ ಚಳಿಗಾಲದಲ್ಲಿ ಎರಡು ಮರಿ ಹಾಗೇ ಸತ್ತವು. ಮೂರನೆಯದಕ್ಕೆ ಅವ್ವ ಬಾಟ್ಲಿಯಲ್ಲಿ ಹಾಲು ಕುಡಿಸುತ್ತಿದ್ದಳು, ಅದು ಬದುಕುತ್ತದೋ ಇಲ್ಲವೋ ಗೊತ್ತಿರಲಿಲ್ಲ.

"ಒಂದು ಅರ್ಜಿ ಬರಿ," ಎಂದಳು. "ಮರಿ ಬಿಡೋ ಹೊತ್ನಾಗೆ ಅರ್ಧ ಗಂಟೆ ಸುಮ್ಕಿರಿ ಅಂತ. ಅಷ್ಟು ಸಾಕು."

ನಾನು ಚಳ್ಳಕೆರೆಯಲ್ಲಿ ವಿಜ್ಞಾನದ ಮೇಷ್ಟ್ರು. ಅರ್ಧ ಗಂಟೆಯ ದೂರಿಗೆ ಯಾರು ಕಿವಿಗೊಡುತ್ತಾರೆ ಎಂದುಕೊಂಡು 'ಹಗಲಿರುಳೂ ಅಸಹನೀಯ ಶಬ್ದ' ಎಂದು ಬರೆದೆ. ಜೊತೆಗೆ ಅರ್ಜಿಯಲ್ಲೇ ಪಾಠವನ್ನೂ ಮಾಡಿದೆ. ಎಂಜಿನ್ನಿನಿಂದ ನುಗ್ಗುವ ಬಿಸಿಗಾಳಿ ಹೊರಗೆ ಸುಮ್ಮನೆ ನಿಂತ ಗಾಳಿಗೆ ಗುದ್ದುವುದರಿಂದಲೇ ಬಹುಪಾಲು ಆರ್ಭಟ ಹುಟ್ಟುತ್ತದೆ. ಪ್ರಯಾಣಿಕರ ವಿಮಾನಗಳಲ್ಲಿ ಅದರ ಸುತ್ತ ನಿಧಾನದ ಗಾಳಿ ಹರಿಸಿ ಆ ಗುದ್ದನ್ನು ಮೆತ್ತಗೆ ಮಾಡುತ್ತಾರೆ. ಇಲ್ಲಿ ಅದು ಆಗದಿದ್ದರೆ ಹಿಂದೆ ಒಂದು ಮಣ್ಣಿನ ದಿಬ್ಬವಾದರೂ ಹಾಕಿ, ವಿಮಾನದ ಬಾಲವನ್ನಾದರೂ ಹಟ್ಟಿಯ ಕಡೆಯಿಂದ ತಿರುಗಿಸಿ ಎಂದೆ. ಅವ್ವ ಹೆಬ್ಬೆಟ್ಟು ಒತ್ತಿದಳು.

ವಾರಗಟ್ಟಲೆ ಕಾದ ಮೇಲೆ ಶಬ್ದ ಅಳೆಯುವ ಅಧಿಕಾರಿ ಬಂದ. ಮುಕ್ಕಾಲಿಯ ಮೇಲೆ ಯಂತ್ರ ಇಟ್ಟು, ಹಿಟ್ಟಿನ ಗಿರಣಿ ನಿಲ್ಲಿಸಿ, ನಾಯಿಗಳನ್ನು ಕಟ್ಟಿಹಾಕಿ ಎಂದ. ಕುರಿಗಳಿಗೂ ಸ್ವಲ್ಪ ಹೇಳಿ ಎನ್ನದಿದ್ದದ್ದು ನಮ್ಮ ಪುಣ್ಯ. ಮರುದಿನ ಅದೇ ಹೊತ್ತಿಗೆ ಬಂದು ಲೆಕ್ಕ ಒಪ್ಪಿಸಿದ: "ಸರಾಸರಿ ಮಿತಿಯೊಳಗೇ ಇದೆ ಸರ್."

ನನಗೆ ಮೈಯೆಲ್ಲ ಉರಿಯಿತು. ಉಳಿದ ಇಡೀ ದಿನದ ಮೌನವನ್ನು ತಂದು ಅರ್ಧ ಗಂಟೆಯ ಆರ್ಭಟದ ಮೇಲೆ ಬಳಿದರೆ ಯಾವ ಊರು ತಾನೇ ಪ್ರಶಾಂತವಲ್ಲ? ಇದು ಅಳತೆಯಲ್ಲ, ಕಣ್ಣಿಗೆ ಮಣ್ಣೆರಚುವ ಕೆಲಸ ಎಂದು ಅವನ ಮುಖಕ್ಕೇ ಹೇಳಿದೆ.

ಅವ್ವ ಸರಾಸರಿ ಎಂದರೇನೆಂದು ಕೇಳಿದಳು. ಎಲ್ಲವನ್ನೂ ಕೂಡಿಸಿ ಸಮನಾಗಿ ಹಂಚುವುದು ಎಂದೆ. ಅವಳು ಮಡಿಲಲ್ಲಿದ್ದ ಮರಿಯ ಬಾಯಿಂದ ಬಾಟ್ಲಿ ತೆಗೆದಳು.

"ಸರಾಸರಿ ಮರಿ ಯಾವ ತಾಯಿ ಹಾಲು ಕುಡಿತೈತ್ರಿ ಸಾಹೇಬ್ರೆ?"

ಅವನು ಚೀಲದಿಂದ ನಮ್ಮ ಅರ್ಜಿಯನ್ನು ತೆಗೆದು ಬೆರಳಿಟ್ಟು ತೋರಿಸಿದ. "ಹಗಲಿರುಳೂ ಅಂತ ನೀವೇ ಬರೆದಿದ್ದೀರಿ. ಅದಕ್ಕೇ ಹಗಲಿರುಳೂ ಅಳೆದೆವು. ಅರ್ಧ ಗಂಟೆ ಅಂದಿದ್ದರೆ ಆ ಅರ್ಧ ಗಂಟೆಯನ್ನೇ ಅಳೆಯುತ್ತಿದ್ದೆ."

ಅವನು ಹೋದ ಮೇಲೆ ಅವ್ವ ಕೇಳಿದಳು, "ಹಗಲಿರುಳು ಅಂತ ನಾನ್ಯಾವಾಗ ಅಂದೆ ಲೇ?"

"ಅರ್ಜಿ ಜೋರಾಗಿರ್ಲಿ ಅಂತ ಬರ್ದೆ ಅವ್ವ."

"ಜೋರು ಮಾಡಾಕೆ ಅವ್ರಿದಾರಲ್ಲ."

ಬೇಲಿಯಾಚೆಯವರ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ನನ್ನ ಮೇಲಿನದು ಅದಕ್ಕಿಂತ ಹೆಚ್ಚು. ಅದೇ ವಾರ ಎರಡನೇ ಅರ್ಜಿ ಬರೆದೆ, ಎರಡೇ ಸಾಲು. ಅವ್ವ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡಳು, ಆದರೆ ಕಾಗದದ ಮೇಲೆ ಇಡಲಿಲ್ಲ.

"ಮೊದ್ಲು ಓದು," ಎಂದಳು.